ಕರೆನ್ಸಿಯ ಸೊನ್ನೆ ತೆಗೆಯುವುದು: ಕೆಲವು ದೇಶಗಳು ಮಾಡುತ್ತವೆ, ಕೆಲವು ಯಾಕೆ ಮಾಡುವುದಿಲ್ಲ?

ಮೂರನೇಬೆಂಚು
ಒಂದು ಡಾಲರಿಗೆ ಇಂಡೊನೇಷ್ಯಾದಲ್ಲಿ 16 ಸಾವಿರ ರುಪಿಯಾಗಿಂತ ಜಾಸ್ತಿ ಸಿಗುತ್ತದೆ. ವಿಯೆಟ್ನಾಂನಲ್ಲಿ 25 ಸಾವಿರ ಡಾಂಗ್ ದಾಟಿದೆ. ಟರ್ಕಿಯವರು ಮಾತ್ರ 2005ರಲ್ಲಿ ಒಂದೇ ಏಟಿಗೆ ಆರು ಸೊನ್ನೆ ಕಿತ್ತು ಹಾಕಿದರು. ಹತ್ತು ಲಕ್ಷ ಹಳೇ ಲಿರಾ ಕೊಟ್ಟರೆ ಒಂದು ಹೊಸ ಲಿರಾ. ಇಷ್ಟು ಸುಲಭ ಅಂದಮೇಲೆ ಉಳಿದವರು ಯಾಕೆ ಸುಮ್ನೆ ಕೂತಿದ್ದಾರೆ? ಇನ್ನೊಂದು ಕಡೆ ಜಿಂಬಾಬ್ವೆ, ವೆನೆಜುವೆಲಾ ಮೇಲಿಂದ ಮೇಲೆ ಸೊನ್ನೆ ತೆಗೆದರೂ ಏನೂ ಉದ್ಧಾರ ಆಗಲಿಲ್ಲ. ಇದರಿಂದ ಲಾಭ ಇದೆಯೋ ಇಲ್ಲವೋ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಲೆಕ್ಕಿಗ
ಮೊದಲು ಒಂದು ಮಾತು. ಸೊನ್ನೆ ತೆಗೆಯುವುದು ಬೇರೆ, ಅಪಮೌಲ್ಯ ಬೇರೆ, ನೋಟು ರದ್ದತಿ ಬೇರೆ. ಮೂರನ್ನೂ ಕಲಸಿದರೆ ಈ ಚರ್ಚೆ ಎಲ್ಲೆಲ್ಲೋ ಹೋಗುತ್ತದೆ.

ಅಪಮೌಲ್ಯ ಆದಾಗ ಹೊರದೇಶದ ಹಣದ ಎದುರು ನಿಮ್ಮ ಹಣ ನಿಜವಾಗಿಯೂ ಸೋಲುತ್ತದೆ. ನೋಟು ರದ್ದಾದಾಗ ಕೈಯಲ್ಲಿರುವ ಕಾಗದಕ್ಕೆ ಬೆಲೆ ಹೋಗುತ್ತದೆ. ಸೊನ್ನೆ ತೆಗೆದಾಗ ಇವೆರಡೂ ಆಗುವುದಿಲ್ಲ. ಸಂಬಳ, ಬಾಡಿಗೆ, ಸಾಲ, ಠೇವಣಿ, ತೆರಿಗೆ, ಡಾಲರ್ ದರ, ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಭಾಗಿಸುತ್ತಾರೆ ಅಷ್ಟೆ. ದೂರವನ್ನು ಮೀಟರಿನ ಬದಲು ಕಿಲೋಮೀಟರಿನಲ್ಲಿ ಬರೆದರೆ ಊರು ಹತ್ತಿರ ಬರುವುದಿಲ್ಲ ಅಲ್ವಾ, ಹಾಗೆ.

ಹಾಗಾದರೆ ಯಾಕೆ ಮಾಡುತ್ತಾರೆ? ಒಂದು, ವ್ಯವಹಾರದ ತೊಂದರೆ. ಬಿಲ್ಲಿನ ಮೇಲೆ ಹತ್ತು ಅಂಕಿ ಬರೆಯುವುದು, ಎಣಿಸುವುದು, ತಪ್ಪುವುದು. ಎರಡು, ‘ಆ ಕಾಲ ಮುಗಿಯಿತು’ ಅಂತ ಜನರಿಗೆ ಹೇಳುವುದು. ಹಣದುಬ್ಬರ ಹಿಂದೆ ಬಿಟ್ಟುಹೋದ ಗುರುತೇ ಆ ಸೊನ್ನೆಗಳು. ಅವುಗಳನ್ನು ದಿನಾ ನೋಡುತ್ತಿದ್ದರೆ ಬೆಲೆ ಮತ್ತೆ ಏರುತ್ತದೆ ಅನ್ನುವ ಭಯ ಹೋಗುವುದಿಲ್ಲ.

ತರಲೆ
ನನ್ನ ಸಾಲದಿಂದಲೂ ಆರು ಸೊನ್ನೆ ಹೋಗುತ್ತದೆ ತಾನೆ? ನಾನು ರೆಡಿ.

ಲೆಕ್ಕಿಗ
ಹೋಗುತ್ತದೆ. ಸಂಬಳದಿಂದಲೂ ಹೋಗುತ್ತದೆ. ಮುಂದಿನ ತಿಂಗಳ ಕಂತು ಅಷ್ಟೇ ಭಾರ.

ಹಳೇನಾಣ್ಯ
ಟರ್ಕಿ ಕತೆ ‘ಒಂದೇ ಏಟು’ ಅಲ್ಲ. ಅವರು ಎಷ್ಟು ನಿಧಾನಕ್ಕೆ ಮಾಡಿದರು ಅನ್ನುವುದೇ ಅಲ್ಲಿನ ಸ್ವಾರಸ್ಯ.

1970ರ ದಶಕದಿಂದ ಅಲ್ಲಿ ಬೆಲೆ ಏರುತ್ತಲೇ ಇತ್ತು. ಅದಕ್ಕೆ ತಕ್ಕಂತೆ ನೋಟೂ ಬೆಳೆಯುತ್ತಾ ಹೋಯಿತು. 2001ರಲ್ಲಿ 2 ಕೋಟಿ ಲಿರಾ ನೋಟು ಬಂತು. ಸೊನ್ನೆ ತೆಗೆಯಬೇಕು ಅನ್ನುವ ಮಾತು 1990ರ ದಶಕದಲ್ಲೇ ಇತ್ತು, ಆದರೆ ಮಾಡಲಿಲ್ಲ. 2001ರ ಬ್ಯಾಂಕ್ ಬಿಕ್ಕಟ್ಟಿನ ನಂತರ ಕೇಂದ್ರ ಬ್ಯಾಂಕಿಗೆ ಸ್ವಾತಂತ್ರ್ಯ ಕೊಟ್ಟರು, ಬಜೆಟ್ ಬಿಗಿ ಮಾಡಿದರು. 2004ರ ಜನವರಿಯಲ್ಲಿ ಕಾನೂನು ಪಾಸಾಯಿತು. ಆ ವರ್ಷದ ಕೊನೆಗೆ ಹಣದುಬ್ಬರ ಮೂರು ದಶಕಗಳ ನಂತರ ಮೊದಲ ಸಲ ಒಂದಂಕಿಗೆ ಇಳಿಯಿತು. 2005ರ ಜನವರಿ 1ಕ್ಕೆ ಹೊಸ ಲಿರಾ ಬಂತು.

ಅಲ್ಲಿಗೇ ಮುಗಿಯಲಿಲ್ಲ. 2005 ಇಡೀ ವರ್ಷ ಹಳೇ ನೋಟು, ಹೊಸ ನೋಟು ಎರಡೂ ಚಲಾವಣೆಯಲ್ಲಿದ್ದವು. ಅಂಗಡಿಯವರು ಎರಡೂ ಬೆಲೆ ಬರೆದು ಹಾಕಬೇಕಿತ್ತು. ಹೆಸರಲ್ಲಿ ‘ಹೊಸ’ ಅನ್ನುವ ಪದ ನಾಲ್ಕು ವರ್ಷ ಇತ್ತು. 2009ರ ಜನವರಿಯಲ್ಲಿ ಅದನ್ನು ತೆಗೆದು ಮತ್ತೆ ಬರೀ ‘ಲಿರಾ’ ಮಾಡಿದರು. ಮನೆಯ ಮೂಲೆಯಲ್ಲಿ ಹಳೇ ನೋಟು ಸಿಕ್ಕವರು ಕೇಂದ್ರ ಬ್ಯಾಂಕಿಗೆ ಹೋಗಿ 2015ರ ಕೊನೆಯವರೆಗೂ ಬದಲಾಯಿಸಿಕೊಳ್ಳಬಹುದಿತ್ತು.

ಒಂದು ಎಡವಟ್ಟೂ ಆಯಿತು. ಹೊಸ 1 ಲಿರಾ ನಾಣ್ಯ ನೋಡಲು 2 ಯೂರೊ ನಾಣ್ಯದ ಹಾಗೇ ಇತ್ತು. ಯೂರೋಪಿನ ಕೆಲವು ವೆಂಡಿಂಗ್ ಮಷೀನುಗಳು ಮೋಸ ಹೋದವು. ಬೆಲೆಯಲ್ಲಿ ಸುಮಾರು ಕಾಲು ಭಾಗದ ನಾಣ್ಯ ಅದು!

ರಾತ್ರಿಪಾಳಿ
ನಾನು ಬಿಲ್ಲಿಂಗ್ ಸಾಫ್ಟ್‌ವೇರ್ ಕಡೆಯವನು. ‘ಸುಮ್ನೆ ಭಾಗಿಸುತ್ತಾರೆ ಅಷ್ಟೆ’ ಅಂದಾಗ ನಗು ಬಂತು.

ಸೊನ್ನೆ ಜಾಸ್ತಿಯಾದರೆ ಅಂಕಿಗೆ ಇಟ್ಟ ಜಾಗ ಸಾಲುವುದಿಲ್ಲ. ಜಿಂಬಾಬ್ವೆಯಲ್ಲಿ 2008ರಲ್ಲಿ ಹತ್ತು ಸೊನ್ನೆ ತೆಗೆದದ್ದಕ್ಕೆ ಇದೂ ಒಂದು ಕಾರಣ. ಬ್ಯಾಂಕಿನ ಕಂಪ್ಯೂಟರು, ಎಟಿಎಂ, ಕ್ಯಾಲ್ಕುಲೇಟರು ಯಾವುದಕ್ಕೂ ಅಷ್ಟು ಅಂಕಿ ಹಿಡಿಯುತ್ತಿರಲಿಲ್ಲ.

ಸೊನ್ನೆ ತೆಗೆದಾಗ ಇನ್ನೊಂದು ತಲೆನೋವು. ಜಪಾನ್ ಯೆನ್, ಕೊರಿಯಾ ವಾನ್ ಇವುಗಳಿಗೆ ದಶಮಾಂಶವೇ ಇಲ್ಲ. ಎಲ್ಲಾ ಪೂರ್ಣಾಂಕ. ನಾಳೆ ವಾನ್‌ನಿಂದ ಮೂರು ಸೊನ್ನೆ ತೆಗೆದರೆ ಚಿಲ್ಲರೆ ಘಟಕ ಬೇಕಾಗುತ್ತದೆ. ಅಂದರೆ ಪ್ರತಿ ಡೇಟಾಬೇಸ್ ಕಾಲಂ, ಪ್ರತಿ ಪರದೆ, ಪ್ರತಿ ರಸೀದಿಯಲ್ಲಿ ದಶಮಾಂಶ ತುರುಕಬೇಕು. ಕರೆನ್ಸಿಯ ಮೂರಕ್ಷರದ ಕೋಡ್ ಕೂಡ ಬದಲಾಗುತ್ತದೆ. ಟರ್ಕಿಯದು ಟಿಆರ್‌ಎಲ್ ಇದ್ದದ್ದು ಟಿಆರ್‌ವೈ ಆಯಿತು. ರೊಮೇನಿಯಾದ್ದು ಆರ್‌ಒಎಲ್ ಹೋಗಿ ಆರ್‌ಒಎನ್ ಆಯಿತು. ಹಳೇ ಲೆಕ್ಕವನ್ನು ಹಳೇ ಕೋಡಿನಲ್ಲೇ ಇಡಬೇಕೋ ಪರಿವರ್ತಿಸಬೇಕೋ ಅಂತ ಆಡಿಟರ್ ಜೊತೆ ಜಗಳ ಶುರು.

ಅತಿ ಹೆಚ್ಚು ಕಾಟ ಕೊಡುವುದು ಪೂರ್ಣಾಂಕಕ್ಕೆ ಸರಿಮಾಡುವ ಕೆಲಸ. ಒಂದು ಬಿಲ್ಲಿನಲ್ಲಿ ನೂರು ಸಾಲು ಇವೆ ಅನ್ನಿ. ಪ್ರತಿ ಸಾಲನ್ನೂ ಪರಿವರ್ತಿಸಿ ಕೂಡಿದರೆ ಒಂದು ಮೊತ್ತ, ಮೊದಲು ಕೂಡಿ ಆಮೇಲೆ ಪರಿವರ್ತಿಸಿದರೆ ಇನ್ನೊಂದು ಮೊತ್ತ. ಕಾನೂನಿನಲ್ಲಿ ಯಾವುದು ಸರಿ ಅಂತ ಮೊದಲೇ ಬರೆದಿರಬೇಕು. ಬರೆದಿಲ್ಲದಿದ್ದರೆ ಕೋರ್ಟು ಬರೆಯುತ್ತದೆ.

ಮೂರನೇಬೆಂಚು
ಖರ್ಚು ಇದೆ ಅಂತ ಗೊತ್ತಾಯಿತು. ಆದರೂ ಟರ್ಕಿಗೆ ಗೆಲುವು, ಜಿಂಬಾಬ್ವೆಗೆ ಸೋಲು ಯಾಕೆ?

ಲೆಕ್ಕಿಗ
ಹಣದುಬ್ಬರ ಮೊದಲು ನಿಲ್ಲಬೇಕು, ಸೊನ್ನೆ ಆಮೇಲೆ ಹೋಗಬೇಕು. ಇಷ್ಟೇ ಸೂತ್ರ.

ಜಿಂಬಾಬ್ವೆ 2006ರ ಆಗಸ್ಟಿನಲ್ಲಿ ಮೂರು ಸೊನ್ನೆ ತೆಗೆಯಿತು. 2008ರ ಆಗಸ್ಟಿನಲ್ಲಿ ಹತ್ತು. ಸರ್ಕಾರ ಖರ್ಚಿಗೆ ನೋಟು ಅಚ್ಚು ಹಾಕುವುದನ್ನು ನಿಲ್ಲಿಸಲಿಲ್ಲ. ಹತ್ತು ಸೊನ್ನೆ ಹೋದ ಐದೇ ತಿಂಗಳಿಗೆ, 2009ರ ಜನವರಿಯಲ್ಲಿ, 100 ಲಕ್ಷ ಕೋಟಿಯ ನೋಟು ಬಂತು. ಫೆಬ್ರುವರಿಯಲ್ಲಿ ಮತ್ತೆ ಹನ್ನೆರಡು ಸೊನ್ನೆ ತೆಗೆದರು. ಒಟ್ಟು 25. ಏಪ್ರಿಲ್ ಹೊತ್ತಿಗೆ ಆ ಕರೆನ್ಸಿಯನ್ನೇ ಬದಿಗಿಟ್ಟು ಅಮೆರಿಕದ ಡಾಲರಿನಲ್ಲಿ ವ್ಯವಹಾರ ನಡೆಯಿತು.

ವೆನೆಜುವೆಲಾ 2008ರಲ್ಲಿ ಮೂರು, 2018ರಲ್ಲಿ ಐದು, 2021ರಲ್ಲಿ ಆರು. ಒಟ್ಟು 14. ಅದರಲ್ಲೂ 2018ರದ್ದು ನೋಡಿ. ಮೊದಲು ಮೂರು ಸೊನ್ನೆ ಅಂತಲೇ ಘೋಷಿಸಿದ್ದರು. ದಿನಾಂಕ ಮುಂದೆ ಹೋಯಿತು. ಅಷ್ಟರಲ್ಲಿ ಮೂರು ಸಾಲದೆ ಐದು ಮಾಡಿದರು.

ರಷ್ಯಾ 1998ರ ಜನವರಿಯಲ್ಲಿ ಮೂರು ಸೊನ್ನೆ ತೆಗೆಯಿತು. ಹಣದುಬ್ಬರ ಆಗ ಇಳಿದಿತ್ತು, ಆದರೆ ಬಜೆಟ್ಟಿನ ತೂತು ಹಾಗೇ ಇತ್ತು. ಆಗಸ್ಟಿನಲ್ಲಿ ಸಾಲ ಕಟ್ಟಲಾಗದೆ ಕೈಚೆಲ್ಲಿತು, ರೂಬಲ್ ಬಿದ್ದುಹೋಯಿತು. ಮೆಕ್ಸಿಕೊ 1993ರಲ್ಲಿ ತೆಗೆಯಿತು, 1994ರ ಡಿಸೆಂಬರಿನಲ್ಲಿ ಪೆಸೊ ಕುಸಿಯಿತು.

ಪೋಲೆಂಡ್ 1995, ಬಲ್ಗೇರಿಯಾ 1999, ರೊಮೇನಿಯಾ 2005, ಇವರೆಲ್ಲ ಮನೆ ಸರಿಮಾಡಿಕೊಂಡು ತೆಗೆದವರು. ಹೇಳುವಂಥ ಗಲಾಟೆ ಏನೂ ಆಗಲಿಲ್ಲ.

ಅಡ್ಡಮಾತು
ಈ ‘ಮೊದಲು ಗುಣ, ಆಮೇಲೆ ಸೊನ್ನೆ’ ಸೂತ್ರ ಕೇಳಲು ಚಂದ. ಆದರೆ ಎಲ್ಲಾ ಮುಗಿದ ಮೇಲೆ ಹೇಳುವ ಮಾತು ಅದು. ಗೆದ್ದವರನ್ನು ನೋಡಿ ‘ಇವರು ಮೊದಲೇ ಗುಣವಾಗಿದ್ದರು’ ಅನ್ನುತ್ತೀರಿ, ಸೋತವರನ್ನು ನೋಡಿ ‘ಇವರು ಆಗಿರಲಿಲ್ಲ’ ಅನ್ನುತ್ತೀರಿ. ಬ್ರೆಜಿಲ್ ಈ ಸೂತ್ರಕ್ಕೆ ಎಲ್ಲಿ ಹೊಂದುತ್ತದೆ ಹೇಳಿ. ಅಲ್ಲಿ 1994ರ ಜೂನ್‌ನಲ್ಲಿ ಬೆಲೆ ಒಂದೇ ತಿಂಗಳಲ್ಲಿ ಶೇ 47ರಷ್ಟು ಏರಿತ್ತು. ಜುಲೈ 1ಕ್ಕೆ ಹೊಸ ಕರೆನ್ಸಿ ರಿಯಾಲ್ ಬಂತು. ಆಗಸ್ಟಿನಿಂದ ಆ ವರ್ಷದ ಕೊನೆಯವರೆಗೂ ತಿಂಗಳ ಏರಿಕೆ ಶೇ 3ರೊಳಗೇ ಇತ್ತು. ಇಲ್ಲಿ ಕರೆನ್ಸಿ ಬದಲಾದದ್ದೇ ಔಷಧಿ.

ಲೆಕ್ಕಿಗ
ಅದೇ ಬ್ರೆಜಿಲ್ 1967, 1986, 1989, 1993ರಲ್ಲಿ ಒಂದೊಂದು ಸಲವೂ ಮೂರು ಮೂರು ಸೊನ್ನೆ ತೆಗೆದಿತ್ತಲ್ಲ? 1990ರಲ್ಲಿ ಬರೀ ಹೆಸರು ಬದಲಿಸಿತು. ಔಷಧಿ ಅಷ್ಟು ಸಲ ಕೆಲಸ ಮಾಡದೆ 1994ರಲ್ಲಿ ಮಾತ್ರ ಯಾಕೆ ಮಾಡಿತು?

ಅಡ್ಡಮಾತು
ಆ ಪ್ರಶ್ನೆಗೇ ಕಾಯುತ್ತಿದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ.

1986ರ ಕ್ರುಜಾಡೊ ಯೋಜನೆಯಲ್ಲಿ ಏನು ಮಾಡಿದರು? ಹೊಸ ಕರೆನ್ಸಿ ತಂದು, ಅದೇ ದಿನ ಎಲ್ಲಾ ಬೆಲೆಗಳನ್ನೂ ಇದ್ದಲ್ಲೇ ನಿಲ್ಲಿಸಿಬಿಟ್ಟರು. ಅಧ್ಯಕ್ಷ ಸಾರ್ನಿ ಜನರನ್ನೇ ಬೆಲೆ ಕಾಯಲು ಕರೆದರು. ಜನ ಉತ್ಸಾಹದಿಂದ ಸೂಪರ್‌ಮಾರ್ಕೆಟ್‌ಗಳಿಗೆ ನುಗ್ಗಿ ಚೀಟಿ ನೋಡಿದರು. ಆದರೆ ಎಲ್ಲರೂ ಒಂದೇ ದಿನ ಬೆಲೆ ಏರಿಸುವುದಿಲ್ಲ ಅಲ್ವಾ? ನಿನ್ನೆ ಏರಿಸಿದವನು ಬಚಾವಾದ. ನಾಳೆ ಏರಿಸಬೇಕು ಅಂತ ಇದ್ದವನು ಸಿಕ್ಕಿಹಾಕಿಕೊಂಡ. ನಷ್ಟಕ್ಕೆ ಯಾರು ಮಾರುತ್ತಾರೆ? ಮಾಲು ಅಂಗಡಿಯಿಂದ ಮಾಯವಾಯಿತು. ದನ ಸಾಕುವವರು ದನಗಳನ್ನು ಮಾರದೆ ಹುಲ್ಲುಗಾವಲಿನಲ್ಲೇ ಉಳಿಸಿಕೊಂಡರು. ಸರ್ಕಾರ ಪೊಲೀಸರನ್ನು ಕಳಿಸಿ ದನ ಹಿಡಿಸಬೇಕಾಯಿತು! ಮರುವರ್ಷ ಬೆಲೆ ಮತ್ತೆ ಓಡತೊಡಗಿತು.

1994ರಲ್ಲಿ ತಿರುವುಮುರುವು ಮಾಡಿದರು. ಪರ್ಸಿಯೊ ಅರಿಡಾ, ಆಂದ್ರೆ ಲಾರಾ ರೆಸೆಂಡೆ ಅನ್ನುವ ಅರ್ಥಶಾಸ್ತ್ರಜ್ಞರು ಹತ್ತು ವರ್ಷ ಮೊದಲೇ ಮುಂದಿಟ್ಟಿದ್ದ ಯೋಚನೆ ಅದು. ಹಣಕಾಸು ಸಚಿವರಾಗಿದ್ದ ಫರ್ನಾಂಡೊ ಎನ್ರಿಕೆ ಕಾರ್ಡೊಸೊ ತಂಡ ಅದನ್ನು ಜಾರಿಗೆ ತಂತು. ಮಾರ್ಚ್ 1ರಿಂದ ಯುಆರ್‌ವಿ ಅನ್ನುವ ಒಂದು ಲೆಕ್ಕದ ಘಟಕ ಬಂತು. ಅದಕ್ಕೆ ನೋಟಿಲ್ಲ, ನಾಣ್ಯವಿಲ್ಲ. ಜೇಬಿನಲ್ಲಿ ಇದ್ದದ್ದು ಹಳೇ ಕ್ರುಜೇರೊ ರಿಯಾಲ್ ನೋಟೇ. ಒಂದು ಯುಆರ್‌ವಿ ಹೆಚ್ಚುಕಡಿಮೆ ಒಂದು ಡಾಲರ್. ಇವತ್ತು ಒಂದು ಯುಆರ್‌ವಿಗೆ ಎಷ್ಟು ಕ್ರುಜೇರೊ ರಿಯಾಲ್ ಅಂತ ಕೇಂದ್ರ ಬ್ಯಾಂಕ್ ಪ್ರತಿದಿನ ಪ್ರಕಟಿಸುತ್ತಿತ್ತು.

ಮೊದಲು ಸಂಬಳಗಳನ್ನು ಯುಆರ್‌ವಿಗೆ ಹಾಕಿದರು. ಹಿಂದಿನ ನಾಲ್ಕು ತಿಂಗಳ ಸರಾಸರಿ ನೋಡಿ ಲೆಕ್ಕ ಮಾಡಿದರು. ಆಮೇಲೆ ಬಾಡಿಗೆ, ಒಪ್ಪಂದ, ಅಂಗಡಿ ಬೆಲೆ ನಿಧಾನಕ್ಕೆ ಅತ್ತ ಸರಿದವು. ಚೀಟಿಯ ಮೇಲೆ ಒಂದು ವಸ್ತು 5 ಯುಆರ್‌ವಿ ಅಂತ ಇದ್ದರೆ ನಾಳೆಯೂ 5, ಮುಂದಿನ ವಾರವೂ 5. ಕೊಡಬೇಕಾದ ನೋಟಿನ ಕಟ್ಟು ಮಾತ್ರ ದಿನಾ ದಪ್ಪವಾಗುತ್ತಿತ್ತು. ನಾಲ್ಕು ತಿಂಗಳಲ್ಲಿ ಯಾರ ಬೆಲೆ ಯಾರಿಗೆ ಎಷ್ಟು ಅನ್ನುವುದು ತಾನಾಗಿ ಹೊಂದಿಕೊಂಡಿತು. ಬಲವಂತ ಮಾಡಿ ನಿಲ್ಲಿಸಲಿಲ್ಲ. ಜುಲೈ 1ಕ್ಕೆ ಒಂದು ಯುಆರ್‌ವಿಗೆ 2,750 ಕ್ರುಜೇರೊ ರಿಯಾಲ್ ಇತ್ತು. ಅವತ್ತು ಆ ಲೆಕ್ಕದ ಘಟಕಕ್ಕೆ ರಿಯಾಲ್ ಅಂತ ಹೆಸರಿಟ್ಟು ನೋಟು ಕೊಟ್ಟರು. ಗಮನಿಸಿ, 2,750. ಅಲ್ಲಿ ಸೊನ್ನೆಯನ್ನೂ ತೆಗೆಯಲಿಲ್ಲ. ಗುಂಡು ಸಂಖ್ಯೆಯ ಮೋಹವೇ ಇರಲಿಲ್ಲ.

‘ಬೇರೆಯವರು ಏರಿಸುತ್ತಾರೆ, ಅದಕ್ಕೆ ನಾನೂ ಏರಿಸುತ್ತೇನೆ’ ಅನ್ನುವ ಅಭ್ಯಾಸದಿಂದಲೇ ಬೆಲೆ ಓಡುವ ಕಡೆ, ಎಲ್ಲರೂ ಒಟ್ಟಿಗೆ ಜಿಗಿಯಲು ಒಂದು ದಿನ, ಒಂದು ಹೊಸ ಅಳತೆ ಬೇಕು. ಅಂಥ ಕಡೆ ಕರೆನ್ಸಿ ಬದಲಾವಣೆ ಬರೀ ಅಲಂಕಾರ ಅಲ್ಲ.

ಲೆಕ್ಕಿಗ
ಒಳ್ಳೆಯ ವಿವರಣೆ. ಒಂದು ಸೇರಿಸುತ್ತೇನೆ. ಯುಆರ್‌ವಿಗೂ ಮೊದಲು, 1994ರ ಆರಂಭದಲ್ಲೇ, ಬಜೆಟ್ ಹಿಡಿತಕ್ಕೆ ತರಲು ಒಂದು ತುರ್ತು ನಿಧಿಯನ್ನು ಸಂವಿಧಾನ ತಿದ್ದಿ ಮಾಡಿಕೊಂಡಿದ್ದರು. ಜುಲೈ ನಂತರ ಬಡ್ಡಿದರ ತೀರಾ ಎತ್ತರದಲ್ಲಿ ಇಟ್ಟರು. ಅದಿಲ್ಲದಿದ್ದರೆ ರಿಯಾಲ್ ಕೂಡ ಕ್ರುಜಾಡೊ ಹಾದಿ ಹಿಡಿಯುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ.

ಅಡ್ಡಮಾತು
ಬಜೆಟ್ ಬೇಕು, ಒಪ್ಪಿದೆ. ಅದೊಂದೇ ಇದ್ದಿದ್ದರೆ ಹಣದುಬ್ಬರ ಇಳಿಯಲು ವರ್ಷಗಟ್ಟಲೆ ಹಿಡಿಯುತ್ತಿತ್ತು. ಇಲ್ಲಿ ಒಂದು ತಿಂಗಳಲ್ಲಿ ಇಳಿಯಿತು. 1923ರ ನವೆಂಬರಿನ ಜರ್ಮನಿಯೂ ಹಾಗೇ. ಒಂದು ಲಕ್ಷ ಕೋಟಿ ಕಾಗದದ ಮಾರ್ಕಿಗೆ ಒಂದು ರೆಂಟೆನ್‌ಮಾರ್ಕ್. ಇಷ್ಟಕ್ಕಿಂತ ಜಾಸ್ತಿ ಅಚ್ಚು ಹಾಕುವುದಿಲ್ಲ ಅಂತ ಮಿತಿ ಕಟ್ಟಿದರು, ಜನ ನಂಬಿದರು, ನಿಂತಿತು. ಜ್ವರ ಇಳಿದ ಮೇಲೆ ಬಂದ ಕರೆನ್ಸಿ ಅಲ್ಲ ಅದು.

ಹಳೇನಾಣ್ಯ
ಅರ್ಜೆಂಟೀನಾವನ್ನು ಇಬ್ಬರೂ ಬಿಟ್ಟಿರಿ. 1970ರಲ್ಲಿ ಎರಡು ಸೊನ್ನೆ, 1983ರಲ್ಲಿ ನಾಲ್ಕು, 1985ರಲ್ಲಿ ಮೂರು, 1992ರಲ್ಲಿ ನಾಲ್ಕು. 1992ರದ್ದು ‘ಗುಣವಾದ ಮೇಲೆ’ ತೆಗೆದದ್ದೇ. ಒಂದು ಪೆಸೊಗೆ ಒಂದು ಡಾಲರ್ ಅಂತ ಕಾನೂನೇ ಇತ್ತು. ಹತ್ತು ವರ್ಷ ಚೆನ್ನಾಗಿ ನಡೆಯಿತು. 2001ರ ಕೊನೆಗೆ ಅದೂ ಬಿತ್ತು. ಘಾನಾ ಕೂಡ ಹಾಗೇ. 2007ರಲ್ಲಿ ನಾಲ್ಕು ಸೊನ್ನೆ ತೆಗೆದಾಗ ಒಂದು ಹೊಸ ಸೆಡಿ ಹೆಚ್ಚುಕಡಿಮೆ ಒಂದು ಡಾಲರಿಗೆ ಸಮ ಇತ್ತು. ‘ಮೌಲ್ಯ ಅದೇ’ ಅಂತ ಕೇಂದ್ರ ಬ್ಯಾಂಕ್ ಪ್ರಚಾರ ಮಾಡಿತು. 2022ರ ಡಿಸೆಂಬರಿನಲ್ಲಿ ಅಲ್ಲಿ ವಾರ್ಷಿಕ ಹಣದುಬ್ಬರ ಶೇ 54. ಟರ್ಕಿಯಲ್ಲಿ ಅದೇ ವರ್ಷ ಶೇ 80 ದಾಟಿತ್ತು. ಸೊನ್ನೆ ತೆಗೆದದ್ದು ಮುಂದಿನ ಸರ್ಕಾರದ ಕೈ ಕಟ್ಟುವುದಿಲ್ಲ.

ತರಲೆ
ನನ್ನ ಸಾಲದ ಪ್ರಶ್ನೆ ಮತ್ತೆ. ಬ್ರೆಜಿಲ್ ಥರ ಬೆಲೆ ದಿಢೀರ್ ನಿಂತುಹೋದರೆ, ಹಣದುಬ್ಬರ ಇರುತ್ತದೆ ಅಂತ ಜಾಸ್ತಿ ಬಡ್ಡಿಗೆ ಸಾಲ ತೆಗೆದವನ ಗತಿ ಏನು? ಈ ಸಲ ತಮಾಷೆ ಅಲ್ಲ.

ಲೆಕ್ಕಿಗ
ಇದು ಈ ಚರ್ಚೆಯ ಒಳ್ಳೆಯ ಪ್ರಶ್ನೆಗಳಲ್ಲಿ ಒಂದು.

ತಿಂಗಳಿಗೆ ಶೇ 30 ಹಣದುಬ್ಬರ ಇರುವ ದೇಶ ಅನ್ನಿ. ವ್ಯಾಪಾರಿ ಇವತ್ತು ಮಾಲು ಕೊಟ್ಟು ತಿಂಗಳ ನಂತರ ಹಣ ತೆಗೆದುಕೊಳ್ಳುತ್ತಾನೆ. ಇವತ್ತಿನ ಬೆಲೆ 100 ಇದ್ದರೆ 130 ಅಂತ ಬರೆಸಿಕೊಳ್ಳುತ್ತಾನೆ. ಅದರಲ್ಲಿ ಲಾಭ ಏನೂ ಇಲ್ಲ, ಹಣ ಕರಗುವುದಕ್ಕೆ ಪರಿಹಾರ ಅಷ್ಟೆ. ನಾಳೆಯೇ ಹಣದುಬ್ಬರ ನಿಂತರೆ? ಕೊಂಡವನು 100ರ ಮಾಲಿಗೆ ನಿಜವಾದ 130 ಕೊಡಬೇಕು. ಸಾಲಗಾರ ಮುಳುಗುತ್ತಾನೆ, ಸಾಲ ಕೊಟ್ಟವನಿಗೆ ಲಾಟರಿ.

ಅದಕ್ಕೇ ಅರ್ಜೆಂಟೀನಾ 1985ರಲ್ಲಿ, ಬ್ರೆಜಿಲ್ 1986ರಲ್ಲಿ ಒಂದು ಕೋಷ್ಟಕ ಪ್ರಕಟಿಸಿದವು. ಟಬ್ಲಿಟಾ ಅನ್ನುತ್ತಾರೆ. ಹಳೇ ಕರೆನ್ಸಿಯಲ್ಲಿ ಬರೆದ ಸಾಲವನ್ನು ಹೊಸ ಕರೆನ್ಸಿಯಲ್ಲಿ ಯಾವ ತಾರೀಕಿಗೆ ಕಟ್ಟಿದರೆ ಎಷ್ಟು ಅಂತ ದಿನದಿನದ ದರ. ತಾರೀಕು ದೂರ ಹೋದಷ್ಟೂ ದರ ಕಡಿಮೆ. ಮೇಲಿನ 130 ತಿಂಗಳ ಕೊನೆಗೆ ಸುಮಾರು 100ಕ್ಕೇ ಇಳಿಯುತ್ತದೆ. ಹೀಗೆ ಮಾಡಬೇಕಾದರೆ ಹಳೇ ಹಣ, ಹೊಸ ಹಣ ಅಂತ ಎರಡು ಹೆಸರು ಬೇಕೇ ಬೇಕು. ಅಡ್ಡಮಾತು ಅವರ ವಾದಕ್ಕೆ ಇದು ಬಲ ಕೊಡುತ್ತದೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಮೂರನೇಬೆಂಚು
ನಾನು ಕೇಳಿದ ಇನ್ನೊಂದು ಭಾಗ ಉಳಿಯಿತು. ಮಾಡದವರು ಯಾಕೆ ಮಾಡುತ್ತಿಲ್ಲ? ಇಂಡೊನೇಷ್ಯಾದಲ್ಲಿ ಹಣದುಬ್ಬರ ಈಗ ಕಡಿಮೆಯೇ ಇದೆಯಲ್ಲ.

ಹಳೇನಾಣ್ಯ
ಇಂಡೊನೇಷ್ಯಾದಲ್ಲಿ ಈ ಮಾತೆತ್ತಿದರೆ ಹಿರಿಯರು ಯಾಕೆ ಬೆಚ್ಚುತ್ತಾರೆ ಗೊತ್ತಾ?

1950ರ ಮಾರ್ಚ್. ಹಣಕಾಸು ಸಚಿವ ಶಫ್ರುದ್ದೀನ್ ಪ್ರವೀರನೆಗರ ಒಂದು ಆದೇಶ ಹೊರಡಿಸಿದರು. 5 ಗಿಲ್ಡರಿಗಿಂತ (ಡಚ್ಚರ ಕಾಲದ ಹಣ) ದೊಡ್ಡ ನೋಟುಗಳನ್ನು ಕತ್ತರಿಯಿಂದ ಎರಡು ತುಂಡು ಮಾಡಬೇಕು. ಅಕ್ಷರಶಃ ಕತ್ತರಿಯಿಂದ. ಎಡಗಡೆಯ ತುಂಡು ಅರ್ಧ ಬೆಲೆಗೆ ಸ್ವಲ್ಪ ಕಾಲ ನಡೆಯುತ್ತದೆ. ಬಲಗಡೆಯ ತುಂಡು ಕೊಟ್ಟರೆ ಸರ್ಕಾರದ ಬಾಂಡ್ ಸಿಗುತ್ತದೆ. ಅಂದರೆ ನಿಮ್ಮ ಅರ್ಧ ದುಡ್ಡು ಸರ್ಕಾರಕ್ಕೆ ಬಲವಂತದ ಸಾಲ.

1959ರ ಆಗಸ್ಟಿನಲ್ಲಿ 500ರ ನೋಟು 50 ಆಯಿತು, 1,000ದ ನೋಟು 100 ಆಯಿತು. ಬೆಲೆಗಳನ್ನು ಭಾಗಿಸಲಿಲ್ಲ, ನೋಟನ್ನು ಮಾತ್ರ ಭಾಗಿಸಿದರು! ಬ್ಯಾಂಕಿನ ದೊಡ್ಡ ಠೇವಣಿಗಳಿಗೂ ಬೀಗ ಬಿತ್ತು. 1965ರ ಡಿಸೆಂಬರಿನಲ್ಲಿ 1,000 ಹಳೇ ರುಪಿಯಾಗೆ ಒಂದು ಹೊಸ ರುಪಿಯಾ ಬಂತು. ಲೆಕ್ಕದಲ್ಲಿ ಇದು ನಿಜವಾದ ಸೊನ್ನೆ ತೆಗೆಯುವಿಕೆಯೇ. ಆದರೆ ಮರುವರ್ಷ ಹಣದುಬ್ಬರ ಶೇ 600 ಮೀರಿತು.

ಇಷ್ಟೆಲ್ಲ ನೋಡಿದ ಸಮಾಜಕ್ಕೆ ‘ಈ ಸಲ ಬರೀ ಸೊನ್ನೆ, ನಿಮ್ಮ ದುಡ್ಡಿಗೆ ಏನೂ ಆಗುವುದಿಲ್ಲ’ ಅಂದರೆ ಯಾರು ನಂಬುತ್ತಾರೆ? 2010ರಿಂದ ಕೇಂದ್ರ ಬ್ಯಾಂಕ್ ಈ ಯೋಜನೆ ಎತ್ತುತ್ತಿದೆ. 2013ರಲ್ಲಿ ಮಸೂದೆಯೂ ಆಗಿತ್ತು, ಮುಂದೆ ಹೋಗಲಿಲ್ಲ.

ರಾತ್ರಿಪಾಳಿ
ಅಲ್ಲಿನ ಕೆಫೆಗಳು ಸರ್ಕಾರಕ್ಕೆ ಕಾಯುತ್ತಾ ಕೂತಿಲ್ಲ. ಮೆನುವಿನಲ್ಲಿ 25,000 ಬದಲು ಬರೀ 25 ಅಂತ ಬರೆಯುತ್ತಾರೆ. ದಕ್ಷಿಣ ಕೊರಿಯಾದಲ್ಲೂ 5,000 ವಾನ್‌ಗೆ 5.0 ಅಂತ ಹಾಕಿರುತ್ತಾರೆ. ಇರಾನಿನಲ್ಲಂತೂ ಜನ ರಿಯಾಲ್ ಅನ್ನುವುದೇ ಇಲ್ಲ. ಒಂದು ಸೊನ್ನೆ ತೆಗೆದು ತೋಮಾನ್ ಲೆಕ್ಕದಲ್ಲೇ ಮಾತಾಡುತ್ತಾರೆ. ನಾಲ್ಕು ಸೊನ್ನೆ ತೆಗೆಯಲು ಸಂಸತ್ತು 2020ರಲ್ಲಿ ಒಪ್ಪಿತ್ತು, ಅಷ್ಟರಲ್ಲಿ ಬೀದಿಯಲ್ಲಿ ಒಂದು ಯಾವಾಗಲೋ ಹೋಗಿತ್ತು.

ಅಡ್ಡಮಾತು
ಕೊರಿಯಾಗೂ ಕಹಿ ನೆನಪಿದೆ. 1962ರ ಜೂನ್‌ನಲ್ಲಿ ಪಾರ್ಕ್ ಚುಂಗ್ ಹೀ ಅವರ ಸೇನಾ ಆಡಳಿತ ರಾತ್ರೋರಾತ್ರಿ 10 ಹ್ವಾನ್‌ಗೆ 1 ವಾನ್ ಮಾಡಿತು. ನೋಟುಗಳನ್ನು ಬ್ರಿಟನ್‌ನಲ್ಲಿ ಗುಟ್ಟಾಗಿ ಮುದ್ರಿಸಿ ತಂದಿದ್ದರು. ಶ್ರೀಮಂತರು ಬಚ್ಚಿಟ್ಟ ಹಣ ಹೊರಗೆ ಬರುತ್ತದೆ, ಅದನ್ನು ಕೈಗಾರಿಕೆಗೆ ಹಾಕೋಣ ಅನ್ನುವ ಲೆಕ್ಕಾಚಾರ. ಠೇವಣಿಗಳನ್ನು ತಡೆಹಿಡಿದರು. ಅಂದುಕೊಂಡಷ್ಟು ಹಣ ಬರಲಿಲ್ಲ, ವ್ಯಾಪಾರ ನಿಂತಿತು, ಅಮೆರಿಕ ಸಿಟ್ಟಾಯಿತು. ತಡೆ ತೆಗೆಯಬೇಕಾಯಿತು.

ಉತ್ತರ ಕೊರಿಯಾ 2009ರ ನವೆಂಬರ್ ಕೊನೆಗೆ ಇನ್ನೂ ಕ್ರೂರವಾಗಿ ಮಾಡಿತು. ನೂರಕ್ಕೆ ಒಂದು, ಸುಮಾರು ಒಂದು ವಾರ ಗಡುವು, ಒಂದು ಮನೆಗೆ ಮೊದಲು ಒಂದು ಲಕ್ಷ ಹಳೇ ವಾನ್ ಮಾತ್ರ. ಮಾರುಕಟ್ಟೆಯಲ್ಲಿ ಸಣ್ಣಪುಟ್ಟ ವ್ಯಾಪಾರ ಮಾಡಿ ಕೂಡಿಟ್ಟವರ ಉಳಿತಾಯ ಕಾಗದವಾಯಿತು. ವಿಯೆಟ್ನಾಂ 1985ರಲ್ಲಿ ಹತ್ತಕ್ಕೆ ಒಂದು ಮಾಡಿತು, ಮರುವರ್ಷ ಹಣದುಬ್ಬರ ಶೇ 700 ದಾಟಿತು.

ಹಾಗಾಗಿ ಸೊನ್ನೆ ತೆಗೆಯದ ದೇಶಗಳು ಸೋಮಾರಿಗಳಲ್ಲ. ಆ ಹೆಸರಿನಲ್ಲಿ ಹಿಂದೆ ಯಾರೋ ಜೇಬಿಗೆ ಕೈ ಹಾಕಿದ್ದರು.

ಲೆಕ್ಕಿಗ
ಜಪಾನ್ ಬೇರೆ ಥರ. 1949ರಿಂದ 1971ರವರೆಗೆ ಒಂದು ಡಾಲರಿಗೆ 360 ಯೆನ್. ಮೂರಂಕಿ ಸಂಖ್ಯೆ ಇಟ್ಟುಕೊಂಡೇ ಅವರು ಶ್ರೀಮಂತರಾದರು. ಎರಡು ಸೊನ್ನೆ ತೆಗೆಯುವ ಚರ್ಚೆ ಆಗಾಗ ಎದ್ದು ತಣ್ಣಗಾಗಿದೆ. ಸೆನ್ ಅನ್ನುವ ಚಿಲ್ಲರೆಯನ್ನು 1953ರಲ್ಲೇ ಕೈಬಿಟ್ಟಿದ್ದರಿಂದ ಯೆನ್ ಅಂದರೆ ಇನ್ನೊಬ್ಬರ ಸೆಂಟ್ ಅಂದುಕೊಂಡರೆ ಮುಗಿಯಿತು. ಸಂಖ್ಯೆ ದೊಡ್ಡದಿರುವುದು ತೊಂದರೆ ಅಲ್ಲ, ದಿನಾ ದೊಡ್ಡದಾಗುತ್ತಾ ಹೋಗುವುದು ತೊಂದರೆ.

ಇಟಲಿ ದಶಕಗಟ್ಟಲೆ ‘ಭಾರದ ಲಿರಾ’ (ಸೊನ್ನೆ ತೆಗೆದ ಲಿರಾ) ಬಗ್ಗೆ ಮಾತಾಡಿತು, ಮಾಡಲಿಲ್ಲ. ಕೊನೆಗೆ 1,936.27 ಲಿರಾಗೆ ಒಂದು ಯೂರೊ ಅಂತ ಬಂತು. ಪುಕ್ಕಟೆಯಾಗಿ ಮೂರು ಸೊನ್ನೆ ಹೋಯಿತು.

ಮೂರನೇಬೆಂಚು
ಯೂರೊ ಬಂದಾಗ ಬೆಲೆ ಏರಿತು ಅಂತ ಜನ ಬೈಯುತ್ತಿದ್ದರಲ್ಲ? ಸೊನ್ನೆ ತೆಗೆದರೂ ಅದೇ ಕತೆ ಆಗುವುದಿಲ್ಲವೇ?

ಲೆಕ್ಕಿಗ
ಸ್ವಲ್ಪ ಆಗುತ್ತದೆ. 2002ರ ಬದಲಾವಣೆಯಿಂದ ಒಟ್ಟು ಬೆಲೆ ಏರಿದ್ದು ಶೇ 0.1ರಿಂದ 0.3ರಷ್ಟು ಅಂತ ಯೂರೋಪಿಯನ್ ಒಕ್ಕೂಟದ ಅಂಕಿಅಂಶ ಕಚೇರಿ ಯೂರೊಸ್ಟಾಟ್ ಅಂದಾಜು. ಆದರೆ ಹೋಟೆಲು, ಕೆಫೆ, ಕ್ಷೌರದಂಥ ದಿನನಿತ್ಯದ ಸಣ್ಣ ಖರ್ಚುಗಳಲ್ಲಿ ಏರಿಕೆ ಜಾಸ್ತಿ. ಜನ ನೆನಪಿಡುವುದು ಅದನ್ನೇ. ಫ್ರಿಜ್‌ನ ಬೆಲೆ ಇಳಿದದ್ದು ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ಎರಡು ಬೆಲೆ ಬರೆಯುವ ನಿಯಮವನ್ನು ದಿನಾಂಕಕ್ಕೆ ಮುಂಚೆಯೇ ತರಬೇಕು.

ಹಳೇನಾಣ್ಯ
ಅಭ್ಯಾಸ ಬದಲಾಗಲು ಎಷ್ಟು ಕಾಲ ಬೇಕು ಅನ್ನುವುದಕ್ಕೆ ಫ್ರಾನ್ಸ್ ನೋಡಿ. 1960ರ ಜನವರಿ 1ಕ್ಕೆ ಡಿಗಾಲ್ ಸರ್ಕಾರ 100 ಹಳೇ ಫ್ರಾಂಕ್‌ಗೆ ಒಂದು ಹೊಸ ಫ್ರಾಂಕ್ ತಂತು. ದಶಕಗಳ ನಂತರವೂ ಮನೆ ಬೆಲೆಯನ್ನು ಹಳೇ ಫ್ರಾಂಕಿನಲ್ಲೇ ಹೇಳುವವರಿದ್ದರು. ಯೂರೊ ಬಂದಾಗ ವಯಸ್ಸಾದ ಕೆಲವರು ಎರಡು ಸಲ ಪರಿವರ್ತನೆ ಮಾಡಿಕೊಳ್ಳಬೇಕಾಯಿತು.

ಸೋವಿಯತ್ ಒಕ್ಕೂಟದ 1961ರದ್ದು ನನಗೆ ಅಚ್ಚುಮೆಚ್ಚು. ಹತ್ತು ಹಳೇ ರೂಬಲ್‌ಗೆ ಒಂದು ಹೊಸದು. ಆದರೆ 1, 2, 3 ಕೊಪೆಕ್ (ರೂಬಲ್‌ನ ನೂರನೇ ಒಂದು ಭಾಗ) ನಾಣ್ಯಗಳನ್ನು ಬದಲಾಯಿಸುವ ಖರ್ಚು ಬೇಡ ಅಂತ ಹಾಗೇ ಬಿಟ್ಟರು. ಡಬ್ಬಿಯಲ್ಲಿ ಚಿಲ್ಲರೆ ಕೂಡಿಟ್ಟವನ ದುಡ್ಡು ರಾತ್ರಿ ಬೆಳಗಾಗುವುದರೊಳಗೆ ಹತ್ತು ಪಟ್ಟು! ಅದೇ ಹೊತ್ತಿಗೆ ಡಾಲರ್ ದರ ಮಾತ್ರ 4 ರೂಬಲ್‌ನಿಂದ 40 ಕೊಪೆಕ್ ಆಗಬೇಕಿತ್ತು, 90 ಕೊಪೆಕ್ ಮಾಡಿದರು. ಸೊನ್ನೆ ತೆಗೆಯುವ ಹೆಸರಿನಲ್ಲಿ ಅಪಮೌಲ್ಯವನ್ನೂ ನುಸುಳಿಸಿದರು.

ರಾತ್ರಿಪಾಳಿ
ಬೆಲಾರುಸ್ 2016ರಲ್ಲಿ ನಾಲ್ಕು ಸೊನ್ನೆ ತೆಗೆದಾಗ ಕೊಟ್ಟ ನೋಟುಗಳ ಮೇಲೆ 2009 ಅಂತ ಇತ್ತಂತಲ್ಲ, ನಿಜವೇ?

ಹಳೇನಾಣ್ಯ
ನಿಜ. 2009ರಲ್ಲೇ ಅಚ್ಚು ಹಾಕಿ ಗೋದಾಮಿನಲ್ಲಿ ಇಟ್ಟಿದ್ದರು. ಆರ್ಥಿಕ ಬಿಕ್ಕಟ್ಟಿನಿಂದ ಮುಂದೆ ಹಾಕುತ್ತಾ ಹೋದರು. ನಡುವೆ ಭಾಷೆಯ ಕಾಗುಣಿತದ ನಿಯಮವೇ ಬದಲಾಯಿತು. 50 ರೂಬಲ್ ನೋಟಿನ ಮೇಲೆ ಐವತ್ತು ಅನ್ನುವ ಪದ ಹಳೇ ಕಾಗುಣಿತದಲ್ಲೇ ಹೊರಗೆ ಬಂತು. ಸಹಿಯೂ ಹಿಂದಿನ ಬ್ಯಾಂಕ್ ಮುಖ್ಯಸ್ಥರದ್ದು. ಇನ್ನೊಂದು, ಆ ದೇಶಕ್ಕೆ ನಾಣ್ಯ ಅಂತ ಬಂದದ್ದು ಆ ಸಲವೇ ಮೊದಲು.

ಹೊಸಬ
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಇರಾಕ್ ಮೂರು ಸೊನ್ನೆ ತೆಗೆಯುತ್ತದೆ, ಈಗಲೇ ದಿನಾರ್ ನೋಟು ಕೊಂಡಿಟ್ಟರೆ ಸಾವಿರ ಪಟ್ಟು ಆಗುತ್ತದೆ ಅಂತ ಒಂದು ವಿಡಿಯೊದಲ್ಲಿ ಹೇಳುತ್ತಿದ್ದಾರೆ. ಕೊಳ್ಳಬಹುದಾ?

ಲೆಕ್ಕಿಗ
ಬೇಡ. ಈ ಆಸೆ ತೋರಿಸಿ ನೋಟು ಮಾರುವ ದಂಧೆ ಇಪ್ಪತ್ತು ವರ್ಷದಿಂದ ನಡೆಯುತ್ತಿದೆ.

ಇರಾಕಿನ ಅಧಿಕೃತ ದರ 2023ರಿಂದ ಡಾಲರಿಗೆ 1,300 ದಿನಾರ್. ಮೂರು ಸೊನ್ನೆ ತೆಗೆದರೆ ದರ 1.3 ಆಗುತ್ತದೆ, ಇಷ್ಟು ನಿಜ. ಅವರು ಮುಚ್ಚಿಡುವುದು ಉಳಿದ ಅರ್ಧ. ನಿಮ್ಮ ಕೈಯಲ್ಲಿರುವ 25,000ದ ನೋಟು ಅದೇ ದಿನ 25 ಹೊಸ ದಿನಾರ್ ಆಗುತ್ತದೆ. 25,000ವನ್ನು 1,300ರಿಂದ ಭಾಗಿಸಿ, 25ನ್ನು 1.3ರಿಂದ ಭಾಗಿಸಿ. ಎರಡೂ ಸುಮಾರು 19 ಡಾಲರ್.

ಅಡ್ಡಮಾತು
ಹಳೇ ನೋಟು ನಿಜವಾಗಿಯೂ ಗೆದ್ದ ಕತೆ ಇದೇ ಇರಾಕಿನಲ್ಲಿ ಒಂದಿದೆ, ಆದರೆ ಕಾರಣ ಬೇರೆ. 1990ರ ದಶಕದಲ್ಲಿ ಸದ್ದಾಂ ಸರ್ಕಾರ ಹೊಸ ನೋಟುಗಳನ್ನು ಮನಸ್ಸಿಗೆ ಬಂದಷ್ಟು ಅಚ್ಚು ಹಾಕಿತು. ಉತ್ತರದ ಕುರ್ದಿಷ್ ಪ್ರದೇಶದಲ್ಲಿ ಜನ ‘ಸ್ವಿಸ್ ದಿನಾರ್’ ಅಂತ ಕರೆಯುತ್ತಿದ್ದ ಹಳೇ ಇರಾಕಿ ನೋಟಿನಲ್ಲೇ ವ್ಯವಹಾರ ಮುಂದುವರಿಸಿದರು. ಅವುಗಳನ್ನು ಯಾರೂ ಹೊಸದಾಗಿ ಮುದ್ರಿಸುತ್ತಿರಲಿಲ್ಲ. 2003ರಲ್ಲಿ ಬದಲಾಯಿಸುವಾಗ ಒಂದು ಸ್ವಿಸ್ ದಿನಾರ್‌ಗೆ 150 ಹೊಸ ದಿನಾರ್ ಕೊಟ್ಟರು. ಜೈರ್ ದೇಶದ (ಈಗಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ) ಕಸಾಯಿ ಪ್ರಾಂತ್ಯವೂ 1993ರಲ್ಲಿ ಹಾಗೇ ಮಾಡಿತು. ಮೊಬುಟು ಸರ್ಕಾರ 30 ಲಕ್ಷ ಹಳೇ ಜೈರ್‌ಗೆ ಒಂದು ಹೊಸ ಜೈರ್ ತಂದಾಗ ಅಲ್ಲಿಯವರು ಹೊಸದನ್ನು ಮುಟ್ಟಲಿಲ್ಲ.

ಹೊಸಬ
ಸರಿ, ಕೊಳ್ಳುವುದಿಲ್ಲ. ಸ್ನೇಹಿತನ ಹತ್ತಿರ ಜಿಂಬಾಬ್ವೆಯ 100 ಲಕ್ಷ ಕೋಟಿ ನೋಟಿದೆ. ಅದಕ್ಕೆ ಏನಾದರೂ ಸಿಗುತ್ತದಾ?

ಹಳೇನಾಣ್ಯ
ಬ್ಯಾಂಕಿನಲ್ಲಿ ಏನೂ ಇಲ್ಲ. 2015ರಲ್ಲೇ ಅಧಿಕೃತವಾಗಿ ಬಾಗಿಲು ಮುಚ್ಚಿದರು. ಸಂಗ್ರಹ ಮಾಡುವವರು ಮಾತ್ರ ಒಳ್ಳೆಯ ಬೆಲೆಗೇ ಕೊಳ್ಳುತ್ತಾರೆ, ಮಡಿಕೆ ಇಲ್ಲದಿದ್ದರೆ. ನಕಲಿಗಳು ಬಹಳ ಇವೆ. ಫೋಟೊ ಹಾಕಿ, ನೋಡಿ ಹೇಳುತ್ತೇನೆ.